ಮೇಷ್ಟ್ರ ಕಣ್ಣಿಗೆ ಬೀಳದ ತಪ್ಪು

ತಿಪಟೂರಿನ ಒಂದು ಸುದ್ದಿ ವೆಬ್‌ಸೈಟಿನಲ್ಲಿ ತಾರಾಮಣಿ ಅಂತ ಒಬ್ಬಳು ಟೈಪಿಸ್ಟ್ ಇದ್ದಳು. ಅವಳ ಬೆರಳು ಬಲು ಚುರುಕು. ತಪ್ಪುಗಳೂ ಅಷ್ಟೇ ಚುರುಕಾಗಿ ಬೀಳುತ್ತಿದ್ದವು. ಒಮ್ಮೆ ಹಾರ ಹೋಗಿ "ಶಾಸಕರ ಕೊರಳಿಗೆ ಆಹಾರ" ಅಂತಾಯಿತು.

ನಿವೃತ್ತ ಕನ್ನಡ ಮೇಷ್ಟ್ರು ನಂಜುಂಡಾರಾಧ್ಯರು ಬಿಡುತ್ತಾರೆಯೇ? ಕೂಡಲೇ ಕೆಳಗೆ ಕಾಮೆಂಟ್ ಹಾಕಿದರು: "ಶಾಸಕರಿಗೆ ಬಾಯಿ ಇಲ್ಲವೋ?" ಊರೆಲ್ಲ ಬಿದ್ದು ಬಿದ್ದು ನಕ್ಕಿತು.

ಮಾಲೀಕ ಬಸವಂತಪ್ಪ ಕೆಂಡವಾದ. "ನಾಳೆ ಆ ಮೇಷ್ಟ್ರ ಬಾಯಿ ಮುಚ್ಚಿಸಬೇಕು. ಇಲ್ಲಾಂದ್ರೆ ನೀನು ಕೆಲಸಕ್ಕೆ ಬರೋದೇ ಬೇಡ ಕಣಮ್ಮ!"

ಮರುದಿನ ಮೇಷ್ಟ್ರ ಹುಟ್ಟುಹಬ್ಬ. ತಾರಾಮಣಿ ಅವರ ಫೋಟೊ ಹಾಕಿ, ಪಾಂಡಿತ್ಯವನ್ನು ಬಾಯ್ತುಂಬ ಹೊಗಳಿ ಬರೆದಳು. ಎಪ್ಪತ್ತನಾಲ್ಕರ ಅಂಕಿಯನ್ನು ಮಾತ್ರ ಬೇಕೆಂದೇ ತಿರುಗಿಸಿದಳು: "೪೭ಕ್ಕೆ ಕಾಲಿಟ್ಟ ಮೇಷ್ಟ್ರು."

ಬಸವಂತಪ್ಪ ಹಣೆ ಚಚ್ಚಿಕೊಂಡ. "ಅಯ್ಯೋ, ಕೆಟ್ಟೆನಲ್ಲೇ! ಇದನ್ನ ಬಿಟ್ಟಾರೇನು ಅವರು?"

"ನೋಡ್ತಾ ಇರಿ ಸಾರ್."

ಮಧ್ಯಾಹ್ನ ಕಳೆದರೂ ಮೇಷ್ಟ್ರ ಕಾಮೆಂಟಿಲ್ಲ. ಸಂಜೆ ಅವರ ಫೋನೇ ಬಂತು. ತಾರಾಮಣಿ ಸ್ಪೀಕರ್ ಹಾಕಿದಳು.

"ಎಷ್ಟು ಚೆನ್ನಾಗಿ ಬರೆದಿದ್ದೀಯಮ್ಮ!" ಮೇಷ್ಟ್ರ ದನಿಯಲ್ಲಿ ಜೇನು ಸುರಿಯುತ್ತಿತ್ತು. "ಹುಡುಕಿ ಹುಡುಕಿ ನೋಡಿದೆ, ಒಂದೇ ಒಂದು ತಪ್ಪಿಲ್ಲ. ಒಂದಕ್ಷರವನ್ನೂ ತಿದ್ದಬೇಡ."

ಹಿಂದಿನಿಂದ ಅವರ ಹೆಂಡತಿ ಕೂಗಿದ್ದು ಕೇಳಿಸಿತು. "ರೀ, ನಮ್ಮ ಮಗನಿಗೇ ಐವತ್ತು ತುಂಬ್ತಲ್ರೀ!"

ಮೇಷ್ಟ್ರು ಗದರಿದರು. "ಸುಮ್ನಿರೇ! ಬರೆದೋರ ತಪ್ಪು ಹುಡುಕ್ತಾ ಕೂರೋದು ಒಳ್ಳೇ ಚಾಳಿಯಲ್ಲ!"