ಬೂದಿಕಾವಲಮ್ಮನ ದಿಬ್ಬ

ಸವಳೂರಿನ ಪಡುವಣಕ್ಕೆ, ಹಾಳುಕೋಟೆಯ ಬೆನ್ನಿಗೆ ಒಂದು ದಿಬ್ಬವಿದೆ. ಅದರ ನೆತ್ತಿಯ ಮೇಲೆ ಮೊಳದುದ್ದದ ಕಲ್ಲೊಂದಕ್ಕೆ ಸೀರೆ ಸುತ್ತಿ ಬೂದಿಕಾವಲಮ್ಮ ಎಂದು ಪೂಜಿಸುತ್ತಾರೆ. ಆಕೆ ಆಕಾಶದಿಂದ ಇಳಿದವಳು, ಹಣೆಗೆ ಬೂದಿ ಹಚ್ಚಿದರೆ ಜ್ವರ ಬಿಡಿಸುವವಳು ಎಂದು ಪೂಜಾರಿ ಹೇಳುತ್ತಾನೆ. ಸುಳ್ಳು. ಆಕೆ ಕುಲುಮೆಯ ಮುಂದೆ ಬೆವರು ಸುರಿಸಿದ ಹೆಂಗಸು, ಹೆಸರು ಮಾಳವ್ವ. ದೇವರು ಮಾಡಿಬಿಟ್ಟರೆ ಆಕೆಗಾದ ಅನ್ಯಾಯವನ್ನು ಯಾರೂ ಕೇಳುವುದಿಲ್ಲ ಎಂದು ತಿಳಿದವರೇ ಆಕೆಯನ್ನು ದೇವರು ಮಾಡಿದ್ದಾರೆ.

ಹಿಂದೆ ಒಮ್ಮೆ ಈ ದಿಬ್ಬದ ಮೇಲೆ ಗಾಜಿನವರ ಏಳು ಕುಲುಮೆಗಳು ಉರಿಯುತ್ತಿದ್ದವು ಎನ್ನುತ್ತಾರೆ. ಚೌಳು ಮಣ್ಣನ್ನೂ ಬೆಣಚುಕಲ್ಲಿನ ಪುಡಿಯನ್ನೂ ಮೂಸೆಯಲ್ಲಿ ಕರಗಿಸಿ, ಸಗಣಿ ಬೆರೆಸಿದ ಮಣ್ಣಿನ ಅಚ್ಚಿನ ಮೇಲೆ ಆ ಪಾಕವನ್ನು ಎಳೆ ಎಳೆಯಾಗಿ ಸುತ್ತಿ ಗಿಂಡಿ ಮಾಡುತ್ತಿದ್ದರು. ಆರಿದ ಮೇಲೆ ಒಳಗಿನ ಮಣ್ಣನ್ನು ಕೆರೆದು ತೆಗೆಯುತ್ತಿದ್ದರು. ಪುರಾತನ ಈಜಿಪ್ಟಿನವರೂ ಹೀಗೆಯೇ ಮಾಡುತ್ತಿದ್ದರೆಂದು ಓದಿದ್ದೇನೆ. ಅಲ್ಲಿಯೂ ಅರಸರ ಹೆಸರು ಉಳಿದಿದೆ, ಗಾಜು ಸುತ್ತಿದವರ ಹೆಸರು ಅಳಿದಿದೆ. ಬಿಸಿ ಗಿಂಡಿಯನ್ನು ಮೂರು ದಿನ ಕೆಂಡಬೂದಿಯಲ್ಲಿ ಹೂತಿಡಬೇಕು, ಗಾಳಿ ತಾಗದಂತೆ ಮನೆಯ ಹೆಂಗಸು ಕಾವಲಿರಬೇಕು. ಬೇಗ ಆರಿದ ಗಾಜು ನೋಡಲು ಇಡಿಯಾಗಿದ್ದರೂ ಆಮೇಲೆ ಸಿಡಿಯುತ್ತದೆ. ಇದು ಅವರ ಕಟ್ಟಳೆ.

ಮೇಲಿನ ಅರಸನ ದೂತ ಬರುತ್ತಾನೆಂದು ಕೋಟೆಯ ಸರ್ಜಪ್ಪ ನಾಯಕ ನೀಲಿ ಗಿಂಡಿಯೊಂದನ್ನು ಕೇಳಿದ. ಗಿಂಡಿ ಕೆಟ್ಟರೆ ಕೈ ಕಡಿಯುತ್ತೇನೆಂದು ಅದನ್ನು ಸುತ್ತಿಕೊಟ್ಟ ಗೂಳಯ್ಯನನ್ನು, ಮಾಳವ್ವನ ಗಂಡನನ್ನು, ಕೋಟೆಯಲ್ಲಿ ಕೂಡಿಹಾಕಿದ. ದೂತ ಒಂದು ದಿನ ಮೊದಲೇ ಬಂದುಬಿಟ್ಟ. ಗಿಂಡಿ ಬೂದಿಗಿಳಿದು ಅದು ಇನ್ನೂ ಎರಡನೆಯ ದಿನ. ನಾಯಕನ ಪಾರುಪತ್ಯಗಾರ ಆಳುಗಳೊಂದಿಗೆ ದಿಬ್ಬ ಹತ್ತಿದ.

“ತೆಗೆಯೇ ಗಿಂಡೀನ.”

“ಇನ್ನೊಂದು ದಿನ ತಡೀರಿ ಬುದ್ಧಿ. ಒಳಗೆ ಇನ್ನೂ ಕಾವೈತೆ.”

“ದೊರೆ ಆರಲಿ ಅಂದ್ರೆ ಆರಬೇಕು!”

“ದೊರೆಗೆ ನಾನು ಹೆದರ್ತೀನಿ ಬುದ್ಧಿ. ಗಾಜು ಹೆದರಾಕಿಲ್ಲ.”

ಆಳುಗಳು ಆಕೆಯನ್ನು ತಳ್ಳಿ ಬೂದಿ ಬಗೆದರು. ಗಿಂಡಿ ಇಡಿಯಾಗಿಯೇ ಬಂತು. ಮಣ್ಣು ಕೆರೆಸಿ, “ಏನೇ, ಗಾಜೂ ಹೆದರ್ತಲ್ಲ!” ಎಂದು ಪಾರುಪತ್ಯಗಾರ ನಕ್ಕ. ಮಾಳವ್ವ ಅವನ ಕಾಲು ಹಿಡಿದಳು. “ಅದರಾಗೆ ಏನೂ ಹುಯ್ಯಬ್ಯಾಡಿ, ಬರೀ ತೋರಿಸಿಬಿಡಿ. ಅದು ಗಿಂಡಿಯಲ್ಲ ಬುದ್ಧಿ, ನನ್ನ ಗಂಡನ ಕೈ.” ಕೇಳುವವರು ಯಾರು? ಸಭೆಯಲ್ಲಿ ಪಾನಕ ಹುಯ್ದೊಡನೆ ಗಿಂಡಿ ಸಿಡಿದು ದೂತನ ಅಂಗೈ ಸೀಳಿತು. ಆತುರಪಟ್ಟವನು ನಾಯಕ. ಕೈ ಹೋದದ್ದು ಗೂಳಯ್ಯನದು.

ಮರುದಿನವೇ ಇನ್ನೊಂದು ಗಿಂಡಿಗೆ ಅಪ್ಪಣೆ ಬಂತು. ಮಾಳವ್ವ ಏಳೂ ಕುಲುಮೆಗಳಿಗೆ ಬೂದಿ ಸುರಿದು ಬೆಂಕಿ ನಂದಿಸಿದಳು. “ಇನ್ನಿಲ್ಲಿ ಬೆಂಕಿ ಹಾಕೋರು ಮೊದಲು ನನಗೆ ಹಾಕಿ” ಎಂದು ಆ ಬೂದಿಯ ಮೇಲೆಯೇ ಕೂತಳು. ಆಳುಗಳು ಬಾರಕೋಲು ಬೀಸಿದರು. ಗಾಜಿನವರು ಒಬ್ಬರೂ ಕೊಳ್ಳಿ ಎತ್ತಲಿಲ್ಲ. ಒಂದೊಂದೇ ಮನೆ ಊರು ಬಿಟ್ಟಿತು. ಆಕೆ ಮಾತ್ರ ಕೈಯಿಲ್ಲದ ಗಂಡನೊಂದಿಗೆ ಅಲ್ಲೇ ಉಳಿದು, ಬೂದಿ ಕಾಯುತ್ತಲೇ ಸತ್ತಳು. ದಿಬ್ಬಕ್ಕೆ ಆ ಹೆಸರು ಬಂದದ್ದು ಹೀಗೆ ಎನ್ನುತ್ತಾರೆ.

ಈಗ ಹೋದವರು ಕಲ್ಲಿಗೆ ಕೈಮುಗಿದು ಇಳಿದುಬಿಡುತ್ತಾರೆ. ಅದರ ಹಿಂದೆ, ಜಾಲಿಮುಳ್ಳಿನ ನಡುವೆ, ಮುರುಕು ಕುಲುಮೆಗಳಿವೆ. ಬಗ್ಗಿ ನೋಡಿ. ಅಂದು ಮೂಸೆಯಲ್ಲಿ ಕರಗಿದ್ದ ನೀಲಿ ಗಾಜು ಹಾಗೆಯೇ ಹೆಪ್ಪುಗಟ್ಟಿ ಕೂತಿದೆ. ನಾಯಕನ ಮಕ್ಕಳು ಅದನ್ನು ಹಾರೆ ಹಾಕಿ ಮೀಟಿಸಿದರಂತೆ. ಹಾರೆಯ ಗೀರುಗಳು ಇಂದಿಗೂ ಕಾಣುತ್ತವೆ. ಗಾಜು ಎದ್ದಿಲ್ಲ.