ತುಳಸಿಯ ಮಡಿ

ಎಣ್ಣೆ ಭಟ್ಟಿಯ ತಾಮ್ರದ ಹಂಡೆಗೆ ವಯಸ್ಸಾಗಿತ್ತು. ಒಂದು ಗಿಡದ ಎಣ್ಣೆ ಇಳಿಸಿ ಇನ್ನೊಂದನ್ನು ತುಂಬುವ ಮೊದಲು ಹಂಡೆಯನ್ನು ಹುಣಸೆಹಣ್ಣು ಹಾಕಿ ಉಜ್ಜುವುದು ಅಲ್ಲಿನ ಪದ್ಧತಿ. ಉಜ್ಜಿಸಿಕೊಂಡು ಉಜ್ಜಿಸಿಕೊಂಡು ಅದರ ತಳ ಹಪ್ಪಳದಷ್ಟು ತೆಳ್ಳಗಾಗಿತ್ತು.

ಆ ದಿನ ಲವಂಗದೆಲೆಯ ಎಣ್ಣೆ ಇಳಿದ ಮೇಲೆ ತುಳಸಿಯ ಸರದಿ ಬಂತು. ಬುಟ್ಟಿಯೊಳಗಿಂದಲೇ ತುಳಸಿ ಮೂಗು ಮುರಿಯಿತು. “ಥೂ, ಲವಂಗದ ಘಾಟು! ನಾನು ಪೂಜೆಯ ಗಿಡ. ಇನ್ನೊಮ್ಮೆ ಉಜ್ಜಿಸಿಕೋ.”

“ಈಗಷ್ಟೇ ಉಜ್ಜಿದ್ದಾರೆ ತಾಯಿ. ಇನ್ನೂ ಉಜ್ಜಿದರೆ ತೂತು ಬೀಳುತ್ತದೆ,” ಎಂದಿತು ಹಂಡೆ.

“ಬಿದ್ದರೆ ಬೀಳಲಿ. ನನ್ನ ಮಡಿ ಕೆಡಬಾರದು.”

ಭಟ್ಟಿಯ ಚೆನ್ನವೀರಿ ತುಳಸಿಯ ಮಾತಿಗೆ ಹೆದರಿ ಮತ್ತೆ ಉಜ್ಜಿದಳು. ಹಂಡೆ ಹಲ್ಲು ಕಚ್ಚಿಕೊಂಡು ಸಹಿಸಿತು.

ಸಂಜೆಗೆ ತುಳಸಿಯ ಎಣ್ಣೆ ಸೀಸೆ ಸೇರಿತು. ಎಣ್ಣೆ ಪರೀಕ್ಷಿಸುವ ವಿಮಲಾಕ್ಷಮ್ಮ ನೋಡಿ, “ಇದರಲ್ಲಿ ಹೆಚ್ಚಿನ ಪಾಲು ಯೂಜಿನಾಲ್. ಲವಂಗಕ್ಕೆ ಘಾಟು ಕೊಡುವುದೂ ಇದೇ,” ಎಂದರು.

“ಕೇಳಿದಿರಾ? ಹಂಡೆ ನನ್ನನ್ನು ಮೈಲಿಗೆ ಮಾಡಿತು!” ಎಂದು ತುಳಸಿ ಸೀಸೆಯೊಳಗಿಂದ ಚೀರಿತು.

“ಹಂಡೆಯಲ್ಲಿ ಏನೂ ಉಳಿದಿರಲಿಲ್ಲ. ಇದು ನಿನ್ನ ಎಲೆಯಲ್ಲೇ ಇದ್ದದ್ದು,” ಎಂದರು ವಿಮಲಾಕ್ಷಮ್ಮ.

ಹಂಡೆ ದಣಿದ ದನಿಯಲ್ಲಿ ಕೇಳಿತು: “ನನ್ನನ್ನೇನೋ ಹುಣಸೆಹಣ್ಣು ಹಾಕಿ ಉಜ್ಜಿದರು ತಾಯಿ. ನಿನ್ನನ್ನು ಏನು ಹಾಕಿ ಉಜ್ಜಬೇಕು?”