ಎಲ್ಲರಲ್ಲೂ ಮೂಡಿದ ಗೆರೆ

“ಗುರುಗಳೇ, ಮುಖ ನೋಡಿಯೇ ಕಪಟ ಗುರುತಿಸುವ ಕಣ್ಣು ನನಗಿದೆ. ಮಠದ ಅಡುಗೆಮನೆಗೆ ಕೆಲಸ ಕೇಳಿಕೊಂಡು ಬಂದ ಆರು ಮಂದಿಯನ್ನು ಹಾಗೆಯೇ ಹಿಂದಕ್ಕೆ ಕಳಿಸಿದೆ. ಇಂದು ಒಬ್ಬ ವಿಧವೆ ಬಂದು ಜಗಲಿಯಲ್ಲಿ ಕೂತಿದ್ದಾಳೆ. ಅವಳಲ್ಲೂ ಕಪಟ ಕಂಡಿತು. ಕಳಿಸಿಬಿಡಲೇ?” ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಆಸ್ಪತ್ರೆಯ ಪ್ರಯೋಗಾಲಯಕ್ಕೆ ಒಬ್ಬ ಹೆಂಗಸು ಕೆಲಸಕ್ಕೆ ಸೇರಿದಳು. ನಮ್ಮ ಮೈಯಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸುವ ಒಂದು ಕಿಣ್ವವಿದೆ. ಹುಟ್ಟುವಾಗಲೇ ಅದಿಲ್ಲದ ಮಗುವಿಗೆ ತಾಯಿಯ ಹಾಲೇ ವಿಷವಾಗುತ್ತದೆ. ಆ ಕಿಣ್ವಕ್ಕೆ ಮಾತ್ರ ಅಂಟಿಕೊಳ್ಳಲೆಂದು ತಯಾರಿಸಿದ ಪ್ರತಿಕಾಯವೊಂದು ಅಲ್ಲಿತ್ತು. ರಕ್ತದಲ್ಲಿ ಕಿಣ್ವವಿದ್ದರೆ ಹಾಳೆಯ ಮೇಲೆ ಕಪ್ಪು ಗೆರೆ ಮೂಡಬೇಕು. ಇಲ್ಲದಿದ್ದರೆ ಹಾಳೆ ಖಾಲಿ ಇರಬೇಕು.

ಒಂದು ದಿನ, ಕುಡಿದದ್ದನ್ನೆಲ್ಲ ಕಕ್ಕುತ್ತ ಹಳದಿಗಟ್ಟುತ್ತಿದ್ದ ಹಸುಗೂಸೊಂದರ ರಕ್ತ ಬಂತು. ಗೆರೆ ಮೂಡಿತು. ಕಿಣ್ವ ಇದೆ, ಹಾಲು ಕೊಡಬಹುದು ಎಂದು ಬರೆಯಲು ಪ್ರಯೋಗಾಲಯದ ಹಿರಿಯ ಪೆನ್ನು ತೆಗೆದ.

ಹೆಂಗಸು ತಡೆದಳು. “ಸರ್, ಹೋದ ವರ್ಷ ಇದೇ ಕಾಯಿಲೆಯಿಂದ ತೀರಿಕೊಂಡ ಮಗುವಿನ ರಕ್ತ ಫ್ರೀಜರಿನಲ್ಲಿದೆ. ಅದನ್ನೂ ಒಮ್ಮೆ ನೋಡಿಬಿಡೋಣ.”

ಹಿರಿಯ ನಕ್ಕ. “ಆ ಮಗುವಿಗೆ ಕಿಣ್ವ ಇರಲಿಲ್ಲ ಅಂತ ತಿಂಗಳುಗಟ್ಟಲೆ ಹಿಡಿಯುವ ಬೇರೆ ಪರೀಕ್ಷೆಯಲ್ಲೇ ಗೊತ್ತಾಗಿದೆಯಲ್ಲಮ್ಮ. ಇಲ್ಲದ ಕಡೆ ಏನು ಹುಡುಕ್ತೀಯ? ಈ ಪ್ರತಿಕಾಯ ನಮಗೆ ಒಂದು ಸಲವೂ ಕೈಕೊಟ್ಟಿಲ್ಲ. ಹಾಕಿದಾಗೆಲ್ಲ ಗೆರೆ ಬಂದಿದೆ.”

“ಅದೇ ಸರ್ ನನಗೆ ಭಯ.”

ತೀರಿಕೊಂಡ ಮಗುವಿನ ರಕ್ತದಲ್ಲೂ ಅದೇ ಗೆರೆ, ಅಷ್ಟೇ ಕಪ್ಪಾಗಿ ಮೂಡಿತು. ಪ್ರತಿಕಾಯ ಹಿಡಿಯುತ್ತಿದ್ದುದು ಕಿಣ್ವವನ್ನಲ್ಲ, ಎಲ್ಲರ ರಕ್ತದಲ್ಲೂ ಇರುವ ಇನ್ನಾವುದನ್ನೋ. ಹಿರಿಯ ಪೆನ್ನು ಮುಚ್ಚಿದ.

ಕೂಸಿಗೆ ಹಾಲು ನಿಲ್ಲಿಸಿ, ಹಾಲಿಲ್ಲದ ಆಹಾರ ಕೊಡಿ ಎಂದು ಅವಳು ವಾರ್ಡಿಗೆ ಹೇಳಿ ಕಳಿಸಿದಳು. ಬೇರೆ ಪ್ರತಿಕಾಯಗಳನ್ನು ತರಿಸಿದಳು. ಪ್ರತಿಯೊಂದನ್ನೂ ಮೊದಲು ತೀರಿಕೊಂಡ ಮಗುವಿನ ರಕ್ತದ ಮೇಲೆ ಪರೀಕ್ಷಿಸಿದಳು. ಅಲ್ಲಿ ಗೆರೆ ಮೂಡಿಸಿದ್ದನ್ನೆಲ್ಲ ಚೆಲ್ಲಿದಳು. ದಿನಾ ಬೆಳಿಗ್ಗೆ ಕೂಸಿನ ತಾಯಿ ಬಾಗಿಲಿಗೆ ಬಂದು, “ಹಾಲು ಕಟ್ಟಿ ಎದೆ ನೋಯ್ತಿದೆ ಅಕ್ಕ, ಇವತ್ತಾದ್ರೂ ಕುಡಿಸಲಾ?” ಎನ್ನುತ್ತಿದ್ದಳು.

“ಬೇಡ ತಾಯಿ. ನನ್ನನ್ನು ಬೈದುಕೊಳ್ಳಿ, ಆದರೆ ಕುಡಿಸಬೇಡಿ” ಎಂದು ಇವಳು ಮತ್ತೆ ಕೆಲಸಕ್ಕೆ ಕೂರುತ್ತಿದ್ದಳು.

ಏಳನೆಯ ಪ್ರತಿಕಾಯ ತೀರಿಕೊಂಡ ಮಗುವಿನ ರಕ್ತದಲ್ಲಿ ಏನನ್ನೂ ತೋರಿಸಲಿಲ್ಲ. ಆರೋಗ್ಯವಂತರ ರಕ್ತದಲ್ಲಿ ಮಾತ್ರ ಗೆರೆ ಮೂಡಿಸಿತು. ಆಮೇಲೆಯೇ ಅವಳು ಕೂಸಿನ ರಕ್ತ ಹಾಕಿದಳು. ಹಾಳೆ ಖಾಲಿ ಉಳಿಯಿತು. ಕೂಸಿಗೆ ಮತ್ತೆಂದೂ ಹಾಲು ಕುಡಿಸಲಿಲ್ಲ. ಕೂಸು ಬದುಕಿತು.

ಕತೆ ಮುಗಿಯಿತು. ಶಿಷ್ಯ ಹೇಳಿದ: “ಆ ಹಳೆಯ ಪ್ರತಿಕಾಯ ಮೋಸ ಮಾಡಿತು, ಒಪ್ಪುತ್ತೇನೆ. ನನ್ನ ಕಣ್ಣು ಹಾಗಲ್ಲ ಗುರುಗಳೇ. ಒಮ್ಮೆಯೂ ತಪ್ಪಿಲ್ಲ.”

ಗುರುಗಳು ಜಗಲಿಯ ಕಡೆ ನೋಡುತ್ತ ಹೇಳಿದರು: “ಕಪಟವಿಲ್ಲವೆಂದು ನಿನ್ನ ಕಣ್ಣು ಹೇಳಿದ ಒಬ್ಬರ ಹೆಸರು ಹೇಳು.”